ಒಪ್ಪೋಲೆ

ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ,
ಕೊಂಕಣಿ ಬರುತ್ತಿದ್ದುದು ನನ್ನ ಬೆರಳಿಗೆ ಮಾತ್ರ.
ಬಂದರಿನ ಓಣಿಯ ಆ ಪ್ರೆಸ್ಸಿನಲ್ಲಿ ಮೂವತ್ತೊಂದು ವರ್ಷ
ಫಾದರ್ ಬೊನಿಫಾಸ್ ಕುಟಿನ್ಹಾರ ಪುಸ್ತಕಗಳಿಗೆ
ಮೊಳೆ ಜೋಡಿಸಿದವ ನಾನು, ಐತಪ್ಪ.
"ನಿನ್ನ ಹೆಸರಲ್ಲೇ ಐತಾರ ಉಂಟು," ಎನ್ನುತ್ತಿದ್ದರು,
"ನನ್ನ ಇಗರ್ಜಿಯ ಅರ್ಧ ಜನಕ್ಕೆ ಅದು ಭಾನುವಾರವೂ ನೆನಪಿಲ್ಲ."

ಸೈಕಲ್ಲಿನಲ್ಲಿ ಬರುವರು, ಬೋಂದೆಲಿನ ಆಚೆಯಿಂದ,
ನಿಲುವಂಗಿಯ ಅಂಚಿಗೆ ಮುರಕಲ್ಲಿನ ಕೆಂಪು,
ಹ್ಯಾಂಡಲಿಗೆ ತೂಗುವ ಚೀಲದಲ್ಲಿ ಹಸ್ತಪ್ರತಿ,
ಅದರ ಮೇಲೆ ಗೋಳಿಬಜೆಯ ಪೊಟ್ಟಣ. ಹೀಗಾಗಿ
ಧ್ಯಾನದ ಅಧ್ಯಾಯಕ್ಕೆ ಯಾವಾಗಲೂ ಎಣ್ಣೆಯ ಕಲೆ.

ಕಾಗದಕ್ಕೆ ಕಾಸು ಕೊಟ್ಟವರಲ್ಲ.
ಮದುವೆ ಕರೆಯೋಲೆಯ ಬೆನ್ನಿಗೆ, ಮಕ್ಕಳ ಪರೀಕ್ಷೆ ಹಾಳೆಯ ಬೆನ್ನಿಗೆ
ಮೀನಿನ ಮುಳ್ಳಿನಂಥ ಅಕ್ಷರ.
ಒಮ್ಮೆ ತಾಳ್ಮೆಯ ಕುರಿತ ಪುಟದ ನಡುವೆ
ಮೇಣದಬತ್ತಿ ಎರಡು ಡಜನ್, ಗಂಟೆಗೆ ಹಗ್ಗ,
ಮಾಡಿನ ಹಂಚಿನ ಬಗ್ಗೆ ಗುರ್ಕಾರರಿಗೆ ಹೇಳುವುದು
ಎಂದಿತ್ತು. ಅದನ್ನೂ ಜೋಡಿಸಿಬಿಟ್ಟಿದ್ದೆ.
ಪ್ರೂಫ್ ನೋಡಿ ನಕ್ಕರು:
"ತಾಳ್ಮೆ ಅಂದರೆ ಅದೇ ಮಾರಾಯ,
ಮೂರು ಮಳೆಗಾಲದಿಂದ ಹೇಳ್ತಾ ಇದ್ದೇನೆ."

ಆ ಭಾಷೆಯಲ್ಲಿ ಮಾತು ಪೂರ್ತಿ ಬಾಯಿ ತೆರೆಯುವುದಿಲ್ಲ.
ಮೋಗ್, ಕಾಳಿಜ್, ದೇವ್...
ಎಲ್ಲದರ ಕೊನೆಗೂ ಅರ್ಧಾಕ್ಷರ.
ಕನ್ನಡದ ಕೇಸಿನಲ್ಲಿ ಅಷ್ಟು ಅರ್ಧಾಕ್ಷರ ಎಲ್ಲಿಂದ ತರುವುದು?
ಎಂಟು ಪುಟ ಅಚ್ಚಾದ ಮೇಲೆ ಬಿಚ್ಚಿ, ತೊಳೆದು,
ಅದೇ ‘ವ್’ಗಳು ಮತ್ತೆ ಮುಂದಿನ ಎಂಟಕ್ಕೆ.
ಎಲ್ಲಕ್ಕಿಂತ ಮೊದಲು ಸವೆದದ್ದು ಅದು.
ಏಳನೆಯ ಪುಸ್ತಕದ ಹೊತ್ತಿಗೆ
ದೇವರ ಕೊನೆಯಕ್ಷರ ಮಸುಕು ಮಸುಕು.
ಹೊಸತು ಹೊಯ್ಯಿಸೋಣವೆ ಎಂದು ಕೇಳಿದರೆ
ಮಾಲಕರು ಲೆಕ್ಕದ ಪುಸ್ತಕ ನೋಡಿದರು,
ಫಾದರ್ ಕಿಟಕಿ ನೋಡಿದರು.

ಇನ್ನು ಆ ತಪ್ಪು.
ಒಂಬತ್ತನೆಯ ಪುಸ್ತಕ, ಪುಟ ಅರವತ್ತೆರಡು.
ಅವರು ಬರೆದದ್ದು, ಸರ್ಗಾರ್ ಸುಖ್ ಆಸಾ.
ಸ್ವರ್ಗದಲ್ಲಿ ಸುಖವಿದೆ.
ಆ ದಿನ ನನ್ನ ಎರಡನೆಯ ಮಗುವಿಗೆ ಜ್ವರ, ನನಗೆ ಊಟವಿಲ್ಲ,
ಕೈ ಯಾವ ಗೂಡಿಗೆ ಹೋಯಿತೋ,
ಸರ್ಗಾರ್ ಭುಕ್ ಆಸಾ.
ಸ್ವರ್ಗದಲ್ಲಿ ಹಸಿವಿದೆ.
ಐನೂರು ಪ್ರತಿ. ಹೊಲಿಗೆಯೂ ಆಗಿತ್ತು.

ಒಪ್ಪೋಲೆಗೆ ಏಳು ತಪ್ಪು ಪಟ್ಟಿ ಮಾಡಿ ಮುಂದಿಟ್ಟೆ.
ನಸ್ಯದ ಡಬ್ಬಿ ಮುಚ್ಚಿ ಬಹಳ ಹೊತ್ತು ಓದಿದರು.
ಆರನ್ನು ಒಪ್ಪಿ, ಏಳನೆಯದನ್ನು
ಕೆಂಪು ಪೆನ್ಸಿಲಿನಲ್ಲಿ ಹೊಡೆದುಹಾಕಿದರು. "ಇದು ಇರಲಿ."
ಯಾಕೆಂದು ಕೇಳುವ ಧೈರ್ಯ ನನಗಿರಲಿಲ್ಲ.
"ಊಟ ಮಾಡಿದ್ದೀಯಾ?" ಎಂದರು, ಪೊಟ್ಟಣ ಬಿಚ್ಚುತ್ತ.
ಬಿಷಪರ ಮನೆಯಿಂದ ಕಾಗದ ಬಂತಂತೆ ಆಮೇಲೆ.
ಏನು ಉತ್ತರ ಬರೆದರೋ.

ಕಣ್ಣು ಹೋದ ಮೇಲೆ, ಕಂಕನಾಡಿಯ ಆಸ್ಪತ್ರೆಯಲ್ಲಿ
ನನ್ನ ಬೆರಳನ್ನು ಮೂಗಿನ ಹತ್ತಿರ ಹಿಡಿದು "ಶಾಯಿ" ಎಂದರು.
ಪ್ರೆಸ್ಸು ಮುಚ್ಚಿ ಎರಡು ವರ್ಷವಾಗಿತ್ತು.
ಹೌದು ಫಾದರ್, ಎಂದೆ.

ಹನ್ನೊಂದನೆಯದು ಮುಗಿಯಲಿಲ್ಲ.
ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕುವಾಗ
ನನ್ನ ಜೇಬಿನಲ್ಲಿ ಸವೆದ ‘ವ್’ ಒಂದಿತ್ತು,
ಹಾಕಬೇಕೆಂದೇ ಒಯ್ದಿದ್ದೆ.
ಹಾಕಲಿಲ್ಲ. ಮನಸ್ಸು ಬರಲಿಲ್ಲ.

ಈಗ ಯಾರೋ ಹೊಸ ಮುದ್ರಣ ತಂದಿದ್ದಾರೆ. ನುಣುಪು ಕಾಗದ,
ಎಲ್ಲ ಅಕ್ಷರಕ್ಕೂ ಒಂದೇ ಕಪ್ಪು.
ಕಂಪ್ಯೂಟರಿನ ಹುಡುಗ ಜಾಣ, ಸುಖ್ ಎಂದು ತಿದ್ದಿದ್ದಾನೆ.
ಸರಿಯೇ. ಅವರು ಮೊದಲು ಬರೆದದ್ದೂ ಅದೇ.

ಆದರೂ ಓದುವವರ ಗಮನಕ್ಕೆ:
ಪುಟ ಅರವತ್ತೆರಡು, ಮೇಲಿನಿಂದ ಒಂಬತ್ತನೆಯ ಸಾಲು,
ಸುಖ ಎಂದಿರುವಲ್ಲಿ
ಹಸಿವು ಎಂದು ಓದಿಕೊಳ್ಳುವುದು.