ನಾಲ್ಕಕ್ಕೆ

ಬೈತಖೋಲದ ಈ ಶೆಡ್ಡಿಗೆ ಇಂದು ಬಂದವರು ಹನ್ನೊಂದು ಜನ,
ಅದರಲ್ಲಿ ಇಬ್ಬರು ಕುರ್ಚಿ ಬಾಡಿಗೆಯವರು.

ರೊಮಾಲ್ಡ್, ನೀನು ಕೋಲೆತ್ತಿ ಎಣಿಸುತ್ತೀ:
ಒಂದು, ಎರಡು, ಮೂರು,
ನಾಲ್ಕಕ್ಕೆ ನನ್ನನ್ನು ನೋಡಲೇಬೇಕು.
ಬಾಸ್ ಗಿಟಾರು ಡ್ರಮ್ಮಿನ ಕಣ್ಣು ತಪ್ಪಿಸಿದರೆ
ಹಾಡು ಬೀಳುತ್ತದೆ.
ಕೋರ್ಟಿನಲ್ಲೂ ಮುಖ ನೋಡದವರು
ಇಲ್ಲಿ ನೋಡಿಕೊಳ್ಳುತ್ತೇವೆ,
ಸಂಜೆಗೆ ಇಪ್ಪತ್ತು ಸಲ.

ಅತ್ತ ಶಾಂಭವಿ, ದಾಮು ಬಿಟ್ಟುಹೋದ ವಾರ ಬರೆದ
ಬೈಗುಳದ ಹಾಡು ಹಾಡುತ್ತಾಳೆ.
ದಾಮುವೇ ಅದಕ್ಕೆ ಗಿಟಾರು,
ಶ್ರುತಿ ಒಂಚೂರೂ ತಪ್ಪದೆ.
ಬೈಸಿಕೊಳ್ಳುವುದಕ್ಕೂ ರಿಯಾಜು ಬೇಕು.

ಪಕ್ಕದ ಫ್ಯಾಕ್ಟರಿಯಲ್ಲಿ ಮಂಜುಗಡ್ಡೆ ಒಡೆವ ಯಂತ್ರ
ನಮಗಿಂತ ಚೆನ್ನಾಗಿ ತಾಳ ಹಿಡಿಯುತ್ತದೆ.
ಬಂಗಡೆಯ ವಾಸನೆ ವಯರುಗಳಿಗೂ ಹತ್ತಿದೆ.

ಸಾಮಾನು ಪಾಲಾದಾಗ ಕುಕ್ಕರು ನನಗೆ, ಬೈಕು ನಿನಗೆ.
ಆಂಪ್ಲಿಫೈಯರಿನ ಕಂತು ಮಾತ್ರ
ಇನ್ನೂ ಇಬ್ಬರ ಹೆಸರಿನಲ್ಲಿದೆ,
ಹದಿನಾಲ್ಕು ತಿಂಗಳು.

ಟೆಂಪೋಗೆ ಪೆಟ್ಟಿಗೆ ಏರಿಸುವಾಗ
"ಹಗೂರ, ನಿನ್ನ ಬೆನ್ನು" ಅಂದೆ ನೀನು.
ಹಳೆಯ ಬಾಯಿರೂಢಿ.
ನಾನು ಕೇಳದವಳ ಹಾಗೆ ವಯರು ಸುತ್ತಿದೆ,
ಹೆಬ್ಬೆರಳಿಂದ ಮೊಣಕೈಗೆ, ಮೊಣಕೈಯಿಂದ ಹೆಬ್ಬೆರಳಿಗೆ,
ತುದಿ ಕೈಗೆ ಬಂದ ಮೇಲೂ.

ವಯರು ಸಾಲದು, ಅಂದೆ ಕೊನೆಗೆ.
ಶನಿವಾರ ಮಾಜಾಳಿಗೆ ಬರುವಾಗ
ಇನ್ನೊಂದು ತಾ.