ಎರಡು ಕಿಲೋದ ಕಲ್ಲು

ಹಿಮಾಲಯಕ್ಕೆ ಇನ್ನೂ ನಾಲ್ಕು ತಿಂಗಳು.
ಬೆನ್ನಿಗೆ ಈಗಲೇ ಭಾರ ಕಲಿಸಬೇಕು ಎಂದಳು ದಾಕ್ಷಾಯಣಕ್ಕ.
ನಲವತ್ತೊಂದು ಮುಗಿದ ಬೆನ್ನು
ಒಂದೇ ಸಲಕ್ಕೆ ಹೇಳಿದ್ದು ಕೇಳುವುದಿಲ್ಲ.

ಹನ್ನೊಂದು ಕಿಲೋ ಎಂದು ಚೀಟಿಯಲ್ಲಿತ್ತು.
ಟೆಂಟು, ಒಲೆ, ಹಾಸಿಗೆ, ಸ್ವೆಟರು
ಎಷ್ಟು ತುರುಕಿದರೂ ಏಳು ದಾಟಲಿಲ್ಲ.
ಉಳಿದ ನಾಲ್ಕಕ್ಕೆ ಅವ್ವ ಅಟ್ಟದಿಂದ ಇಳಿಸಿದಳು
ಅಪ್ಪನ ಅಂಗಡಿಯ ತೂಕದ ಕಲ್ಲು:
ಎರಡು ಕಿಲೋದ್ದು ಒಂದು, ಒಂದರದು ಒಂದು,
ಅರ್ಧದವು ಜೋಡಿ.
"ಸುಮ್ನ ಕುಂತಾವು. ಅವೂ ಒಂದೀಟು ತಿರಗ್ಯಾಡಿ ಬರ್ಲಿ."

ಗುತ್ತಲದ ಬಸ್ಸಿನ ಕಂಡಕ್ಟರು
ಬ್ಯಾಗು ಎತ್ತಲು ಹೋಗಿ ಕೈಬಿಟ್ಟ.
"ಅಕ್ಕಾರ, ಒಳಗ ಯಾರದಾರ?"
"ನಮ್ಮಪ್ಪ" ಎಂದಳು ಅಕ್ಕ, ಚಿಲ್ಲರೆ ಎಣಿಸುತ್ತ.

ಮಾಗಿಯ ಹೊಳೆ. ಗುತ್ತೆಪ್ಪನ ಹರಗೋಲು
ಎರಡು ಸುತ್ತು ತಿರುಗಿ, ಯೋಚಿಸಿ,
ಬಂಡೆ ಮತ್ತು ಆಪುಹುಲ್ಲಿನ ನಡುಗಡ್ಡೆಗೆ ನಮ್ಮನ್ನು ಇಳಿಸಿತು.
ಆ ಗಡ್ಡೆಗೆ ಹೆಸರಿಲ್ಲ.
"ಹೆಸರ ಇಟ್ರ ಪಂಚಾಯ್ತಿಯವ್ರು ಬರ್ತಾರ್ರೀ."

ದ್ವೀಪವೆನ್ನಲು ನಾಚಿಕೆ. ಆಚೆ ದಡದ
ಕಬ್ಬಿನ ಹೊಲದ ಪಂಪು ಕೆಮ್ಮುವುದು ಇಲ್ಲಿಗೂ ಕೇಳುತ್ತದೆ.
ಆದರೂ ಹರಗೋಲು ಬೊಟ್ಟಿನಷ್ಟಾದ ಮೇಲೆ
ಯಾರೂ ಹೇಳದೆ ನಾವು ದನಿ ತಗ್ಗಿಸಿದೆವು.

ಸುತ್ತು ಒಂಬೈನೂರು ಹೆಜ್ಜೆ.
ನಾನು ಆರಕ್ಕೆ ಕುಂತೆ.
ಮೂರನೆಯ ಸುತ್ತಿಗೆ ತಲೆಯೆತ್ತಿ ನೋಡಿದ್ದ ನೀರುನಾಯಿಗಳು
ಒಂಬತ್ತನೆಯದಕ್ಕೆ ನೋಡುವುದನ್ನೇ ಬಿಟ್ಟವು.
ಅಕ್ಕ ಮಾತ್ರ ಬಂಡೆಯ ಹಿಂದೆ ಮರೆಯಾಗಿ
ಹುಲ್ಲಿನಿಂದ ಹೊರಬಂದು
ಮತ್ತೆ ಮರೆಯಾಗಿ,
ಪ್ರತಿ ಸಲ ತುಸು ಬಾಗಿ,
ಪ್ರತಿ ಸಲ ತುಸು ಅಪ್ಪನ ಹಾಗೆ.

ಸಂಜೆ ಟೀ ಕಾಯುವಾಗ ಹೇಳಿದಳು:
"ನೀ ಹುಟ್ಟಿದಾಗ ಅಂಗಡ್ಯಾಗ ತೂಗಿದ್ರು.
ಇದು, ಇದರ ಮ್ಯಾಲ ಈ ಅರ್ಧದ್ದು.
ಮುಳ್ಳು ನೆಟ್ಟಗ ನಿಂತಿತ್ತು.
ನೀ ಅಳಲಿಲ್ಲ, ಬೆಲ್ಲದ ಪೆಂಟಿಗತೆ ಬಿದ್ದಿದ್ದಿ."

ಕತ್ತಲಿಗೆ ಬಲೆ ಬಿಡಲು ಬಂದ ಗುತ್ತೆಪ್ಪ
ಕಲ್ಲು ನೋಡಿ ನಕ್ಕ. ಮೀನು ತೂಗುವ ಸ್ಪ್ರಿಂಗಿಗೆ
ತಮಾಷೆಗೆ ಒಂದೊಂದೇ ನೇತುಹಾಕಿದ.
ಅರ್ಧ ಅರ್ಧವೇ. ಒಂದು ಒಂದೇ.
ಎರಡು ಮಾತ್ರ
ಎರಡು ಕಿಲೋ ನೂರಾ ಇಪ್ಪತ್ತು.

"ನಮ್ಮ ಮುಳ್ಳೂ ಸುಳ್ಳ ಹೇಳ್ತದರೀ,
ಆದ್ರ ಇಷ್ಟಲ್ಲ."

ಟಾರ್ಚು ಹಿಡಿದು ಮಗುಚಿದೆವು.
ಕೆಳಗಿನ ತೂತಿನಲ್ಲಿ ಸೀಸ,
ಬೇಕಾದದ್ದಕ್ಕಿಂತ ಒಂದು ಗುಟುಕು ಹೆಚ್ಚು,
ಮೇಲೆ ನಯವಾಗಿ ತಿಕ್ಕಿದ್ದು.

"ಮಾರೂವಾಗ ಇಟ್ಟಿದ್ರ ದೇವರಂಥಾವ" ಎಂದಳು ಅಕ್ಕ.
"ಕೊಳ್ಳೂವಾಗ ಇಟ್ಟಿದ್ರ..."
ಒಲೆಯನ್ನು ಆರಿಸಿದಳು.

ಟೆಂಟಿನೊಳಗೆ ಕಣ್ಣು ಮುಚ್ಚದೆ ಹುಡುಕಿದೆ:
ಬೇಸಿಗೆಯಲ್ಲಿ ಹುಣಸೆಹಣ್ಣಿನ ಬುಟ್ಟಿ ಹೊತ್ತು
ಬರುತ್ತಿದ್ದ ಹೆಂಗಸರು, ಅವರ ಬಳೆ, ಬೆವರು,
ಅಪ್ಪನ ಕೈ ಕಲ್ಲುಗಳ ಮೇಲೆ ಒಂದು ಗಳಿಗೆ ನಿಂತು—
ಯಾವುದನ್ನು ಎತ್ತಿತು?
ನೆನಪಿರುವುದು ತಟ್ಟೆ ಹಲಗೆಗೆ ತಾಗಿದ ಸದ್ದು ಮಾತ್ರ.
ಸಕ್ಕರೆಗೂ ಅದೇ ಸದ್ದು.

"ಎಚ್ಚರ ಅದಿ?" ಎಂದಳು.
"ಹಂಗಾದ್ರ ನಾ ಹುಟ್ಟಿದ್ದು
ನೂರಾ ಇಪ್ಪತ್ತು ಗ್ರಾಂ ಜಾಸ್ತಿ" ಎಂದೆ.
ಕತ್ತಲಲ್ಲಿ ಇಬ್ಬರೂ ನಕ್ಕೆವು, ಬಹಳ ಹೊತ್ತು,
ನಗು ನಿಂತದ್ದು ಯಾರದು ಮೊದಲೋ.

ಬೆಳಗ್ಗೆ ಗುತ್ತೆಪ್ಪ ಬಲೆಯ ಬುಡಕ್ಕೆ ಬೇಕೆಂದು ಕೇಳಿದ.
"ಒಯ್ಯಬೇಕ್ರೀ" ಎಂದಳು ಅಕ್ಕ, ಪಟ್ಟಿ ಬಿಗಿಯುತ್ತ.
"ಬೆನ್ನಿಗೆ ಈಗರೆ ರೂಢಿ ಆಗೇತಿ."

ಮನೆಯಲ್ಲಿ ಅವ್ವ ಏನೂ ಕೇಳಲಿಲ್ಲ.
ಕಲ್ಲುಗಳಿಗೆ ಅಂಟಿದ ಉಸುಕು ತೊಳೆದು
ಮೂರನ್ನು ಚೀಲಕ್ಕೆ ಹಾಕಿ ಗಂಟು ಕಟ್ಟಿದಳು.
ಎರಡು ಕಿಲೋದ್ದನ್ನು,
ಮೊದಲಿನಿಂದಲೂ ಹಾಗೇ ಇಡುತ್ತಿದ್ದಂತೆ,
ಬೇರೆ ಇಟ್ಟಳು.