ಟಿಕೆಟ್ಟಿನ ಹಿಂಬದಿ

ಚಾಮರಾಜಪೇಟೆ, ಅಚ್ಚುಕೂಟದ ಮೇಲಿನ ಮಹಡಿ.
ಕೆಳಗೆ ಲಗ್ನಪತ್ರಿಕೆ ಕತ್ತರಿಸುವ ಯಂತ್ರ,
ಮೇಲೆ ನಾವು ಮೂವತ್ತೊಂದು ಮಂದಿ, ನಲವತ್ತು ಕುರ್ಚಿ.
ಫ್ಯಾನು ತಿರುಗಿದರೆ ಪರದೆ ಅಲೆಯಾಡುತ್ತದೆಂದು
ಕಾರ್ಯದರ್ಶಿ ವಾಮನಮೂರ್ತಿ ಸ್ವಿಚ್ಚಿನ ಮೇಲೆ ಕೈಯಿಟ್ಟು
ಎಲ್ಲ ಭಾನುವಾರದಂತೆ ಕ್ಷಮೆ ಕೇಳುತ್ತಿದ್ದಾರೆ.

ಚಿತ್ರ ಎಲ್ಲಿಯದೋ ಗುಡ್ಡಗಳ ದೇಶದ್ದು,
ಹೆಸರು ಹೇಳಲು ನಾಲಿಗೆ ಎರಡು ಸಲ ಮಡಚಬೇಕು.
ಬಸ್‌ಸ್ಟ್ಯಾಂಡಿನಲ್ಲಿ ತೂಕದ ಯಂತ್ರ ಇಟ್ಟುಕೊಂಡ ಹೆಂಗಸು.
ಜನ ಹತ್ತುತ್ತಾರೆ, ಮುಳ್ಳು ಓಡುತ್ತದೆ, ಇಳಿಯುತ್ತಾರೆ.
ಅಷ್ಟೇ.
ಅಷ್ಟೇ ಅಂದೆನಲ್ಲ, ತಪ್ಪು:
ಇಳಿದ ಮೇಲೂ ಮುಳ್ಳು ಸೊನ್ನೆಗೆ ಮರಳಲು
ತುಸು ಹಿಂಜರಿಯುತ್ತದೆ.
ಕ್ಯಾಮೆರಾ ಅದಕ್ಕಾಗಿ ಕಾಯುತ್ತದೆ, ಪ್ರತಿ ಸಲವೂ,
ಬೇರೆ ಕೆಲಸವೇ ಇಲ್ಲವೆಂಬಂತೆ.

ಆಮೇಲೆ ಹಿಮ.
ಇಡೀ ಪರದೆ ಬಿಳಿ, ಅದರ ಮೇಲೆ ಅಡಿಬರಹವೂ ಬಿಳಿ.
ಒಬ್ಬ ಮುದುಕ ಹನ್ನೊಂದು ನಿಮಿಷ ಅವಳೊಡನೆ ಮಾತಾಡಿದ,
ನಮಗೆ ಒಂದಕ್ಷರ ಕಾಣಲಿಲ್ಲ.
ಹಿಂದೆ ಯಾರೋ ಕೆಮ್ಮಿದರು. ಯಾರದೋ ಮುಖ ಫೋನಿನಿಂದ ನೀಲಿಯಾಯಿತು.
ಪಕ್ಕದಲ್ಲಿದ್ದ ತಿಪ್ಪೇರುದ್ರಯ್ಯನವರು,
ಯಶವಂತಪುರ ಡಿಪೋದ ನಿವೃತ್ತ ಕಂಡಕ್ಟರು,
ಕಿವಿಯ ಹತ್ತಿರ ಬಾಗಿ ಮೆಲ್ಲಗೆ ಶುರುಮಾಡಿದರು:
"ಚಿಲ್ಲರೆ ಇಲ್ಲ ಅಂತಿದಾನೆ."
"ನಾಳೆ ಕೊಡು ಅಂತಾಳೆ."
"ಅವನು ನಾಳೆ ಬರಲ್ಲ. ಅವಳಿಗೂ ಗೊತ್ತು. ಕೈ ನೋಡಿ,
ಚೀಲದ ಬಾಯಿ ಮುಚ್ತಾ ಇಲ್ಲ."
ನಿಜ, ಮುಚ್ಚಿರಲಿಲ್ಲ.
ಇಪ್ಪತ್ತು ವರ್ಷದಿಂದ ಚಿತ್ರ ನೋಡಿ ಬರೆಯುವ ನಾನು
ಮುಖ ನೋಡುತ್ತ ಕೂತಿದ್ದೆ.

ಕೊನೆಗೆ ಯಂತ್ರವನ್ನು ಬೆನ್ನಿಗೆ ಕಟ್ಟಿಕೊಂಡು ಅವಳು ದಿಬ್ಬ ಹತ್ತುತ್ತಾಳೆ.
ಹೆಜ್ಜೆಹೆಜ್ಜೆಗೂ ಮುಳ್ಳು ಅಲ್ಲಾಡುತ್ತದೆ,
ಯಾರನ್ನು ತೂಗುತ್ತಿದೆಯೋ.
ಅಲ್ಲಿಗೇ ನಿಲ್ಲಬಹುದಿತ್ತು.
ನಿರ್ದೇಶಕನಿಗೆ ನಮ್ಮ ಮೇಲೆ ನಂಬಿಕೆ ಸಾಲದೆ
ಒಂದು ಪಿಟೀಲು ತಂದ.
ಅಳಿ, ಈಗ ಅಳಬಹುದು, ಎನ್ನುವ ಪಿಟೀಲು.

ದೀಪ. ಫ್ಯಾನು. ಕಾಗದದ ಲೋಟದಲ್ಲಿ ಚಹಾ, ಚರ್ಚೆ.
ಗಾಡ್ವಿನ್ ಎಂಬ ಹುಡುಗ ಎದ್ದು
"ಮೌನವೇ ಇಲ್ಲಿ ಭಾಷೆ" ಅಂದ.
ಎಲ್ಲರೂ ತಲೆದೂಗಿದರು. ನಾನೂ ತೂಗಿದೆ.
ಮೌನವಲ್ಲಪ್ಪಾ, ಬಿಳಿಯ ಮೇಲೆ ಬಿಳಿ ಅಕ್ಷರ, ಎನ್ನಲಿಲ್ಲ.
ತಿಪ್ಪೇರುದ್ರಯ್ಯನವರು ನನ್ನ ಟಿಕೆಟ್ಟು ಇಸಕೊಂಡು
ಹಿಂಬದಿಯಲ್ಲಿ ಮೂರು ಎಂದು ಗೀಚಿ
ಸುತ್ತ ಒಂದು ಸೊನ್ನೆ ಎಳೆದರು.
"ಪಿಟೀಲಿಂದು. ಇಳಿಯೋವಾಗ ಬಾಕಿ ಇಸ್ಕೊಳ್ಳಿ."

ರಾತ್ರಿ ಪತ್ರಿಕೆಯಿಂದ ಫೋನು:
"ಎಷ್ಟು ನಕ್ಷತ್ರ ಮೇಡಂ? ಪುಟ ಕಟ್ತಾ ಇದೀವಿ."
ವಾಮನಮೂರ್ತಿಯವರ ಪೆನ್‌ಡ್ರೈವು ಸಿಕ್ಕಿಸಿ
ಅಕ್ಷರದ ಬಣ್ಣ ಹಳದಿ ಮಾಡಿಕೊಂಡು ಹಿಮಕ್ಕೆ ಹೋದೆ.

ಕಲ್ಲುಗಣಿಯ ಬಸ್ಸು ಎಷ್ಟು ಹೊತ್ತಿಗೆ, ಮುದುಕ ಕೇಳುತ್ತಾನೆ.
ಅದು ನಿಂತು ಎರಡು ವರ್ಷವಾಯಿತು, ಅವಳು.
ಹೌದಾ. ಹಾಗಾದರೆ ತೂಕವನ್ನಾದರೂ ನೋಡು.

ಚಿಲ್ಲರೆಯ ಮಾತೇ ಇಲ್ಲ!
ಚೀಲದ ಬಾಯಿ ಮಾತ್ರ ಈಗಲೂ ತೆರೆದೇ ಇದೆ,
ಯಾಕೆಂದು ಯಾವ ಹಳದಿ ಅಕ್ಷರವೂ ಹೇಳುವುದಿಲ್ಲ.

ಮುಳ್ಳಿನ ಬಗ್ಗೆ ಒಂದು ಪ್ಯಾರಾ ಬರೆದೆ, ಚೀಲದ ಬಗ್ಗೆ ಒಂದು.
'ಅದ್ಭುತ' ಹೊಡೆದುಹಾಕಿದೆ. 'ಕಾವ್ಯಾತ್ಮಕ' ಹೊಡೆದುಹಾಕಿದೆ.
'ಮನಮುಟ್ಟುವ' ರಾತ್ರಿಯೆಲ್ಲ ಉಳಿದಿತ್ತು,
ಬೆಳಗ್ಗೆ ಹಾಲಿನವನು ಗಂಟೆ ಒತ್ತಿದಾಗ ಅದನ್ನೂ.
ನಕ್ಷತ್ರ ಕೊಡಲಿಲ್ಲ,
ಮೂರೂವರೆ ಅವರೇ ಹಾಕಿಕೊಂಡರು.

ಮುಂದಿನ ಭಾನುವಾರ ತಿಪ್ಪೇರುದ್ರಯ್ಯನವರು ಕುರ್ಚಿ ಎಳೆದುಕೊಂಡು,
"ಆ ಮುದುಕ ಏನಂತಿದ್ದ, ಗೊತ್ತಾಯ್ತಾ?"
"ಚಿಲ್ಲರೆ ಇಲ್ಲ ಅಂತಿದ್ದ" ಅಂದೆ.
ಅವರು ನನ್ನ ಮುಖ ನೋಡಲಿಲ್ಲ, ಕೈ ನೋಡಿದರು.
ವಾಮನಮೂರ್ತಿ ಕ್ಷಮೆ ಕೇಳಿ ಸ್ವಿಚ್ಚು ಆರಿಸಿದರು.
ಫ್ಯಾನಿನ ರೆಕ್ಕೆ ಇನ್ನೂ ತಿರುಗುತ್ತಿತ್ತು.